ಅಮೆರಿಕದ ಕೌಂಟಿ ಕಚೇರಿಯಲ್ಲಿ ಮದುವೆ: ಲೈಸೆನ್ಸ್ ಪಡೆಯುವ ಮುನ್ನ ತಿಳಿದಿರಬೇಕಾದದ್ದು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ನಾನು ಮದುವೆಯಾಗಲಿರುವ ಹುಡುಗಿ ಟೆಕ್ಸಾಸ್‌ನ ಡಲ್ಲಾಸ್ ಬಳಿ ಎಫ್-1 ವೀಸಾದಲ್ಲಿ ಓದುತ್ತಿದ್ದಾಳೆ. ಇಬ್ಬರ ಮನೆಯವರೂ ಶಿವಮೊಗ್ಗದವರು. ಮುಂದಿನ ಮಾಘದಲ್ಲಿ ಅಲ್ಲಿ ಮುಹೂರ್ತ ಇಟ್ಟುಕೊಂಡಿದ್ದಾರೆ. ವೀಸಾ ಮತ್ತು ತೆರಿಗೆಯ ಅನುಕೂಲಕ್ಕಾಗಿ ಅದಕ್ಕೂ ಮೊದಲೇ ಇಲ್ಲಿನ ಕೋರ್ಟ್‌ನಲ್ಲಿ ಬರೀ ದಾಖಲೆಗೆಂದು ಒಂದು ಮದುವೆ ಮಾಡಿಕೊಳ್ಳೋಣ ಎಂದುಕೊಂಡಿದ್ದೇವೆ. ಲೈಸೆನ್ಸ್ ಎಲ್ಲಿ, ಹೇಗೆ ಪಡೆಯಬೇಕು? ಕ್ಯಾಲಿಫೋರ್ನಿಯಾ ಒಳ್ಳೆಯದೋ ಟೆಕ್ಸಾಸೋ? ಈ ಮದುವೆಗೆ ಕರ್ನಾಟಕದಲ್ಲಿ ಮಾನ್ಯತೆ ಇದೆಯೇ? ಊರಿನ ಮದುವೆಯನ್ನು ಅಲ್ಲಿ ಮತ್ತೆ ನೋಂದಾಯಿಸಬೇಕೇ?

ಉತ್ತರ: ನೀವು ಕೇಳಿರುವುದಕ್ಕೆ ಉತ್ತರಿಸುವ ಮೊದಲು ಕೇಳದೇ ಇರುವ ಒಂದು ವಿಷಯವನ್ನು ಹೇಳಬೇಕಾಗಿದೆ. ‘ಬರೀ ದಾಖಲೆಗೆಂದು’ ಮಾಡಿಕೊಳ್ಳುವ ಮದುವೆ ಎಂಬುದು ಕಾನೂನಿನಲ್ಲಿ ಇಲ್ಲ. ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಚೇರಿಯ ಚಿಕ್ಕ ಕೋಣೆಯಲ್ಲಿ ನೀವಿಬ್ಬರೂ ಒಪ್ಪಿಗೆಯ ಮಾತು ಹೇಳಿ, ಅಧಿಕಾರಿ ಸಹಿ ಹಾಕಿದ ಕ್ಷಣದಿಂದ ನೀವು ಪೂರ್ಣ ಅರ್ಥದಲ್ಲಿ ಗಂಡಹೆಂಡಿರು. ಮಾಘದ ಮುಹೂರ್ತ ಬರುವುದರೊಳಗೆ ಮನಸ್ತಾಪವಾಗಿ ಎರಡೂ ಮನೆಯವರು ಸಂಬಂಧ ಬೇಡವೆಂದರೆ, ನಿಶ್ಚಿತಾರ್ಥ ಮುರಿದಂತೆ ಅದನ್ನು ಮುರಿಯಲು ಬರುವುದಿಲ್ಲ, ವಿಚ್ಛೇದನವನ್ನೇ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನದ ಅರ್ಜಿ ಎದುರು ಪಕ್ಷಕ್ಕೆ ತಲುಪಿದ ದಿನದಿಂದ ಕನಿಷ್ಠ ಆರು ತಿಂಗಳು ಕಳೆಯದೆ ತೀರ್ಪು ಜಾರಿಗೆ ಬರುವುದಿಲ್ಲ. ಅಲ್ಲದೆ ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್ ಎರಡೂ ದಂಪತಿಗಳ ಸಮಾನ ಒಡೆತನದ ಆಸ್ತಿ ನಿಯಮವನ್ನು ಪಾಲಿಸುವ ರಾಜ್ಯಗಳಾದ್ದರಿಂದ, ಮದುವೆಯ ದಿನದಿಂದಾಚೆಗೆ ನೀವು ದುಡಿದ ಸಂಬಳ, ಕಂಪನಿ ಕೊಡುವ ಷೇರು ಎಲ್ಲವೂ ಸಾಮಾನ್ಯವಾಗಿ ಇಬ್ಬರ ಸ್ವತ್ತಾಗುತ್ತವೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಊರಿನ ಹಿರಿಯರು ಕೌಂಟಿ ಮದುವೆಯನ್ನು ಒಂದು ಅರ್ಜಿ ತುಂಬಿದಷ್ಟು ಹಗುರವಾಗಿ ಕಾಣುವುದುಂಟು. ನೀವಿಬ್ಬರೂ ಹಾಗೆ ಕಾಣಬಾರದು ಎಂಬುದಷ್ಟೇ ನನ್ನ ಕಳಕಳಿ.

ಈಗ ಲೈಸೆನ್ಸ್ ವಿಚಾರ. ಭಾರತದಲ್ಲಿ ಹಿಂದೂ ವಿವಾಹವಾದವರು ಮೊದಲು ಮದುವೆ ಮಾಡಿಕೊಂಡು ಆಮೇಲೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಅಮೆರಿಕದಲ್ಲಿ ಕ್ರಮ ತಿರುಗುಮುರುಗಾಗಿದೆ: ಮದುವೆಯಾಗಲು ಮೊದಲು ಅನುಮತಿ, ಆ ಅನುಮತಿಯ ಮೇಲೆ ಮದುವೆ, ಮದುವೆ ನಡೆಸಿದವರು ಅದೇ ಕಾಗದಕ್ಕೆ ಸಹಿ ಹಾಕಿ ಸರ್ಕಾರಕ್ಕೆ ಮರಳಿಸಿದ ಬಳಿಕ ನೋಂದಣಿ. ಲೈಸೆನ್ಸ್ ಕೈಗೆ ಬಂದರೆ ಮದುವೆಯಾದಂತಲ್ಲ. ಲೈಸೆನ್ಸ್ ಪಡೆಯದೆ ದೇವಸ್ಥಾನದಲ್ಲಿ ತಾಳಿ ಕಟ್ಟಿ, ಆಮೇಲೆ ಕೌಂಟಿಗೆ ಹೋದರೆ ಹಿಂದಿನ ದಿನಾಂಕಕ್ಕೆ ಲೈಸೆನ್ಸ್ ಸಿಗುವುದೂ ಇಲ್ಲ. ಕೋರ್ಟ್ ಮದುವೆ ಎಂದು ನಾವು ರೂಢಿಯಲ್ಲಿ ಹೇಳುತ್ತೇವಾದರೂ, ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವವರು ಕೌಂಟಿ ಕ್ಲರ್ಕ್, ಸರಳ ವಿವಾಹ ನಡೆಯುವುದೂ ಬಹುತೇಕ ಅದೇ ಕಚೇರಿಯಲ್ಲಿ. ಟೆಕ್ಸಾಸ್‌ನಲ್ಲಿ ಕೌಂಟಿ ಕ್ಲರ್ಕ್ ಲೈಸೆನ್ಸ್ ಕೊಡುತ್ತಾರೆ, ಮದುವೆಯನ್ನು ಸಾಮಾನ್ಯವಾಗಿ ಜಸ್ಟಿಸ್ ಆಫ್ ದ ಪೀಸ್ ಎಂಬ ನ್ಯಾಯಾಧಿಕಾರಿ ನಡೆಸಿಕೊಡುತ್ತಾರೆ. ಎರಡಕ್ಕೂ ಬೇರೆ ಬೇರೆ ಸಮಯ ಗೊತ್ತುಮಾಡಿಕೊಳ್ಳಬೇಕಾಗಬಹುದು.

ನಿಮ್ಮ ಸಂದರ್ಭಕ್ಕೆ ಕ್ಯಾಲಿಫೋರ್ನಿಯಾವೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕಾಯುವ ಅವಧಿ ಇಲ್ಲ. ಬೆಳಿಗ್ಗೆ ಲೈಸೆನ್ಸ್ ಪಡೆದು ಮಧ್ಯಾಹ್ನ ಮದುವೆಯಾಗಬಹುದು. ಆ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಯಮವಿಲ್ಲ, ಪೌರತ್ವ ಬೇಕಿಲ್ಲ, ರಕ್ತಪರೀಕ್ಷೆ ಬೇಕಿಲ್ಲ. ಲೈಸೆನ್ಸ್ 90 ದಿನಗಳವರೆಗೆ ಊರ್ಜಿತವಾಗಿರುತ್ತದೆ ಮತ್ತು ಕ್ಯಾಲಿಫೋರ್ನಿಯಾದ ಯಾವ ಕೌಂಟಿಯಲ್ಲಾದರೂ ಬಳಸಬಹುದು. ನಿಮ್ಮ ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಪಡೆದು ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್‌ನಲ್ಲಿ ಮದುವೆಯಾಗಲು ಅಡ್ಡಿಯಿಲ್ಲ. ಆದರೆ ಅದು ರಾಜ್ಯದ ಗಡಿ ದಾಟುವುದಿಲ್ಲ: ನೆವಾಡಾದಲ್ಲಿ ನಡೆಯದು, ಶಿವಮೊಗ್ಗದ ಕಲ್ಯಾಣಮಂಟಪದಲ್ಲಿ ನಡೆಯುವ ಮದುವೆಗೂ ಅದನ್ನು ಬಳಸಲಾಗದು. ಟೆಕ್ಸಾಸ್‌ನಲ್ಲಾದರೆ ಲೈಸೆನ್ಸ್ ಪಡೆದ ಮೇಲೆ 72 ಗಂಟೆ ಕಾಯಬೇಕು. ಸೇನೆಯಲ್ಲಿರುವವರಿಗೆ ಮತ್ತು ಆ ರಾಜ್ಯ ಮಾನ್ಯ ಮಾಡಿದ ವಿವಾಹಪೂರ್ವ ತರಬೇತಿ ಪಡೆದವರಿಗೆ ಈ ಕಾಯುವಿಕೆಯಿಂದ ವಿನಾಯಿತಿ ಇದೆ. ರಜೆ ಹಾಕಿ ವಿಮಾನದಲ್ಲಿ ಬಂದುಹೋಗುವವರಿಗೆ ಮೂರು ದಿನ ಸಣ್ಣ ವಿಷಯವಲ್ಲ. ಟೆಕ್ಸಾಸ್‌ನಲ್ಲಿ ಸಾಕ್ಷಿ ಬೇಕಿಲ್ಲ ಎಂಬುದೊಂದು ಅನುಕೂಲ, ಅಷ್ಟೇ.

ಬೇರೆ ರಾಜ್ಯಗಳಲ್ಲಿರುವ ಓದುಗರು ಇದನ್ನೇ ತಮಗೂ ಅನ್ವಯಿಸಿಕೊಳ್ಳಬಾರದು. ನ್ಯೂಯಾರ್ಕ್‌ನಲ್ಲಿ 24 ಗಂಟೆ ಕಾಯಬೇಕು, ಲೈಸೆನ್ಸ್‌ನ ಆಯುಸ್ಸು 60 ದಿನ. ವಾಷಿಂಗ್ಟನ್ ರಾಜ್ಯದಲ್ಲಿ ಮೂರು ದಿನ ಕಾಯಬೇಕು, ಇಬ್ಬರು ಸಾಕ್ಷಿಗಳಿರಬೇಕು. ಇಲಿನಾಯ್‌ನಲ್ಲಿ ಲೈಸೆನ್ಸ್ ಕೊಟ್ಟ ಮರುದಿನದಿಂದ ಜಾರಿಗೆ ಬರುತ್ತದೆ, ಅದೂ ಕೊಟ್ಟ ಕೌಂಟಿಯೊಳಗೆ ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿ ಅರ್ಜಿಯನ್ನು ಬಹುತೇಕ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೇ ತುಂಬಬಹುದಾದರೂ, ಲೈಸೆನ್ಸ್ ಪಡೆಯಲು ನೀವಿಬ್ಬರೂ ಒಟ್ಟಿಗೆ ಕಚೇರಿಗೆ ಹೋಗುವುದೇ ಸಾಮಾನ್ಯ ಕ್ರಮ. ಡಲ್ಲಾಸ್‌ನಿಂದ ಬರುವ ವಧುವಿನ ವಿಮಾನದ ಟಿಕೆಟ್ ತೆಗೆಸುವ ಮೊದಲು ಲೈಸೆನ್ಸ್‌ಗೊಂದು, ಮದುವೆಗೊಂದು ಎಂದು ಎರಡೂ ಅಪಾಯಿಂಟ್‌ಮೆಂಟ್ ಖಚಿತಪಡಿಸಿಕೊಳ್ಳಿ. ಊರ್ಜಿತವಾಗಿರುವ ಪಾಸ್‌ಪೋರ್ಟ್ ಗುರುತಿನ ದಾಖಲೆಯಾಗಿ ಸಾಕು. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ಅದು ಕೊನೆಗೊಂಡ ನಿಖರ ದಿನಾಂಕವನ್ನು ಹೇಳಬೇಕು, ಕೆಲವು ಕೌಂಟಿಗಳು ತೀರ್ಪಿನ ಪ್ರತಿಯನ್ನೂ ಕೇಳುತ್ತವೆ. ಶುಲ್ಕ ಕೌಂಟಿಯಿಂದ ಕೌಂಟಿಗೆ ಬೇರೆ. ಲೈಸೆನ್ಸ್‌ನ ಶುಲ್ಕದಲ್ಲಿ ಮದುವೆ ನಡೆಸಿಕೊಡುವ ಶುಲ್ಕವಾಗಲಿ ಪ್ರಮಾಣಪತ್ರದ ಪ್ರತಿಯ ಶುಲ್ಕವಾಗಲಿ ಸೇರಿರುವುದಿಲ್ಲ.

ಕಿಟಕಿಯ ಬಳಿ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ: ಸಾರ್ವಜನಿಕ ಲೈಸೆನ್ಸ್ ಬೇಕೋ, ಗೌಪ್ಯ ಲೈಸೆನ್ಸ್ ಬೇಕೋ? ಗೌಪ್ಯ ಲೈಸೆನ್ಸ್‌ಗೆ ಸಾಕ್ಷಿಯೇ ಬೇಕಿಲ್ಲ, ಅದರ ದಾಖಲೆಯೂ ಬೇರೆಯವರಿಗೆ ಸಿಗುವುದಿಲ್ಲ. ಆದ್ದರಿಂದ ಸಾಕ್ಷಿಗೆ ಯಾರನ್ನು ಕರೆಯುವುದೆಂಬ ಚಿಂತೆಯಲ್ಲಿರುವ ಅನೇಕರು ಅದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಅದನ್ನು ಪಡೆಯಲು ನೀವಿಬ್ಬರೂ ಈಗಾಗಲೇ ಗಂಡಹೆಂಡಿರಂತೆ ಒಟ್ಟಿಗೆ ವಾಸಿಸುತ್ತಿದ್ದೀರಿ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಒಬ್ಬರು ಸ್ಯಾನ್ ಹೋಸೆಯಲ್ಲಿ, ಇನ್ನೊಬ್ಬರು ಡಲ್ಲಾಸ್‌ನಲ್ಲಿ ಇರುವ ನಿಮಗೆ ಆ ಮಾತು ಸುಳ್ಳಾಗುತ್ತದೆ, ಮತ್ತು ನಿಮ್ಮ ಬೇರೆ ಬೇರೆ ವಿಳಾಸಗಳು ವಲಸೆ ಇಲಾಖೆಯ ಕಡತಗಳಲ್ಲೇ ಇವೆ. ಹಾಗಾಗಿ ಸಾರ್ವಜನಿಕ ಲೈಸೆನ್ಸ್ ಪಡೆಯಿರಿ. ಅದಕ್ಕೆ ಒಬ್ಬ ಸಾಕ್ಷಿ ಸಾಕು. ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋದರಾಯಿತು.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡಿಗರು ಹೆಚ್ಚು ತೊಂದರೆಗೊಳಗಾಗುವುದು ಇಲ್ಲಿಯೇ. ಅರ್ಜಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಭಾಗ ಕೇಳುತ್ತದೆ. ನಮ್ಮಲ್ಲಿ ಅನೇಕರಿಗೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಬಿಟ್ಟರೆ ಮನೆತನದ ಹೆಸರೇ ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂಬ ಮೂರು ಅಕ್ಷರ ಬಂದು ಕುಳಿತಿರುತ್ತದೆ. ಅದು ಮದುವೆಯ ಪ್ರಮಾಣಪತ್ರಕ್ಕೂ ಇಳಿದರೆ ಮುಂದೆ ಪ್ರತಿಯೊಂದು ಕಚೇರಿಯಲ್ಲೂ ವಿವರಣೆ ಕೊಡುತ್ತಿರಬೇಕಾಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗಿದ್ದು, ಸಮಯವೂ ಇದ್ದರೆ, ಮೊದಲು ಭಾರತೀಯ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿ ಹೆಸರನ್ನು ಎರಡು ಭಾಗವಾಗಿ ಬರೆಸಿಕೊಳ್ಳಿ, ಆಮೇಲೆ ಲೈಸೆನ್ಸ್‌ಗೆ ಹೋಗಿ. ಸಮಯವಿಲ್ಲದಿದ್ದರೆ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿಸಿ. ಊರಿನಲ್ಲಿ ಕರೆಯುವ ಹೆಸರು, ಅಂಕಪಟ್ಟಿಯ ಹೆಸರು ಎಂದು ಅಲ್ಲಿ ಬದಲಾಯಿಸಬೇಡಿ. ಅರ್ಜಿಯಲ್ಲಿ ಇಬ್ಬರ ತಂದೆತಾಯಂದಿರ ಜನ್ಮನಾಮವನ್ನೂ ಅವರು ಹುಟ್ಟಿದ ದೇಶವನ್ನೂ ಕೇಳುತ್ತಾರೆ. ಅಮ್ಮನಿಗೆ ಮದುವೆಯಲ್ಲಿ ಹೆಸರು ಬದಲಾಗಿದ್ದರೆ ತವರಿನ ಹೆಸರೇನು, ಅಪ್ಪನ ಇನಿಷಿಯಲ್‌ಗಳ ವಿಸ್ತಾರವೇನು, ಇವನ್ನೆಲ್ಲ ಮನೆಗೆ ಫೋನ್ ಮಾಡಿ, ನಿಮ್ಮ ಜನನ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ, ಬರೆದಿಟ್ಟುಕೊಂಡು ಹೋಗಿ. ಗ್ರೀನ್ ಕಾರ್ಡ್‌ನ ಹಂತದಲ್ಲಿ ಜನನ ಪ್ರಮಾಣಪತ್ರ ಮತ್ತು ವಿವಾಹ ಪ್ರಮಾಣಪತ್ರ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುತ್ತಾರೆ.

ಮದುವೆಯ ನಂತರದ ಹೆಸರನ್ನೂ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಅರ್ಜಿಯಲ್ಲೇ ಸೂಚಿಸಬೇಕು. 2009ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಗಂಡು ಹೆಣ್ಣು ಇಬ್ಬರಿಗೂ ಸಮಾನ ಆಯ್ಕೆ ಇದೆ. ಆದರೆ ಮದುವೆ ಮುಗಿದ ಮೇಲೆ ಮನಸ್ಸು ಬದಲಾಯಿತೆಂದು ಆ ಕಾಗದವನ್ನು ತಿದ್ದಲು ಬರುವುದಿಲ್ಲ. ಹೆಸರು ಬದಲಾಯಿಸಲೇಬೇಕೆಂಬ ಕಡ್ಡಾಯ ಎಲ್ಲಿಯೂ ಇಲ್ಲ. ಪಾಸ್‌ಪೋರ್ಟ್, ವೀಸಾ, ವಿಶ್ವವಿದ್ಯಾಲಯ ವಿದ್ಯಾರ್ಥಿ ವೀಸಾಕ್ಕಾಗಿ ಕೊಡುವ ಐ-20 ಪತ್ರ, ಸೋಷಿಯಲ್ ಸೆಕ್ಯುರಿಟಿ ಎಲ್ಲವೂ ಹಳೆಯ ಹೆಸರಿನಲ್ಲಿರುವಾಗ ಹೊಸ ಹೆಸರನ್ನು ಆರಿಸಿಕೊಳ್ಳುವುದೆಂದರೆ ಒಂದಾದ ಮೇಲೊಂದರಂತೆ ಎಲ್ಲವನ್ನೂ ತಿದ್ದಿಸುವ ಕೆಲಸವನ್ನು ಮೈಮೇಲೆ ಹಾಕಿಕೊಂಡಂತೆ. ವಧುವಿಗೆ ಹೃತ್ಪೂರ್ವಕವಾದ ಇಚ್ಛೆ ಇಲ್ಲದಿದ್ದರೆ ಇದ್ದ ಹೆಸರನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ನೀವು ಬರೆದಿಲ್ಲವಾದರೂ, ಶಿವಮೊಗ್ಗದ ಎರಡು ಮನೆಗಳೆಂದಾಗ ಕೇಳಲೇಬೇಕಾದದ್ದು: ನೀವಿಬ್ಬರೂ ಸಂಬಂಧಿಗಳೇ? ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವುದು ನಮ್ಮಲ್ಲಿ ಅನೇಕ ಸಮುದಾಯಗಳ ಹಳೆಯ ರೂಢಿ. ಕ್ಯಾಲಿಫೋರ್ನಿಯಾ ಅದಕ್ಕೆ ಅನುಮತಿ ಕೊಡುತ್ತದೆ. ಟೆಕ್ಸಾಸ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಅದು ನಿಷಿದ್ಧ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯನ್ನು ಕ್ಯಾಲಿಫೋರ್ನಿಯಾದ ಕಾನೂನು ಕೂಡ ಶೂನ್ಯವೆಂದು ಪರಿಗಣಿಸುತ್ತದೆ.

ಮದುವೆಯನ್ನು ಯಾರು ನಡೆಸಿಕೊಡಬೇಕು ಎಂಬುದರಲ್ಲಿ ನಿಮ್ಮ ಪ್ರಶ್ನೆಯ ಅರ್ಧಭಾಗಕ್ಕೆ ಉತ್ತರವಿದೆ. ಕ್ಯಾಲಿಫೋರ್ನಿಯಾದ ಕಾನೂನು ಇಂಥದೇ ವಿಧಿ ಎಂದು ಒತ್ತಾಯಿಸುವುದಿಲ್ಲ. ಮದುವೆ ನಡೆಸುವವರ ಮತ್ತು ಸಾಕ್ಷಿಯ ಎದುರಿನಲ್ಲಿ ನೀವು ಒಬ್ಬರನ್ನೊಬ್ಬರು ಸಂಗಾತಿಯಾಗಿ ಸ್ವೀಕರಿಸಿದ್ದೇವೆಂದು ಹೇಳಿದರೆ ಸಾಕು. ನ್ಯಾಯಾಧೀಶರು, ಕೌಂಟಿಯ ವಿವಾಹಾಧಿಕಾರಿಗಳು ಮಾತ್ರವಲ್ಲದೆ ಯಾವುದೇ ಧರ್ಮದ ಅಧಿಕೃತ ಪುರೋಹಿತರೂ ಲೈಸೆನ್ಸ್‌ನ ಮೇಲೆ ಮದುವೆ ಮಾಡಿಸಿ ಸಹಿ ಹಾಕಬಹುದು. ಎಂದರೆ ನೀವು ಕೌಂಟಿಯಲ್ಲಿ ಲೈಸೆನ್ಸ್ ಪಡೆದು, ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನದಂಥ ಕಡೆ ಅರ್ಚಕರನ್ನು ಮೊದಲೇ ವಿಚಾರಿಸಿ, ಚಿಕ್ಕದಾಗಿ ಶಾಸ್ತ್ರೋಕ್ತ ವಿವಾಹವನ್ನೇ ಮಾಡಿಕೊಳ್ಳಬಹುದು. ಆಗ ಒಂದೇ ದಿನ, ಒಂದೇ ವಿಧಿ ಅಮೆರಿಕದ ಕಾನೂನಿಗೂ ಹಿಂದೂ ವಿವಾಹ ಕಾಯ್ದೆಗೂ ಉತ್ತರವಾಗುತ್ತದೆ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1955ರ ಹಿಂದೂ ವಿವಾಹ ಕಾಯ್ದೆ ಭಾರತದಲ್ಲಿ ಕಾಯಂ ನೆಲೆಯುಳ್ಳ ಹಿಂದೂಗಳು ಹೊರದೇಶದಲ್ಲಿದ್ದರೂ ಅವರಿಗೆ ಅನ್ವಯಿಸುತ್ತದೆ. ಅದರ 7ನೇ ಕಲಂ ಪ್ರಕಾರ ಮದುವೆ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯೊಂದಿಗೆ ಮದುವೆ ಪೂರ್ಣವಾಗುತ್ತದೆ. ಎಲ್ಲ ಸಮುದಾಯಗಳಲ್ಲೂ ಸಪ್ತಪದಿ ಇರುವುದಿಲ್ಲ, ನಿಮ್ಮ ಮನೆಯ ಪದ್ಧತಿ ಏನಿದೆಯೋ ಅದೇ ಸಾಕು. ವಿಧಿಯೇ ನಡೆಯದೆ ಕೇವಲ ನೋಂದಣಿ ಪ್ರಮಾಣಪತ್ರ ಪಡೆದರೆ ಅದರಿಂದ ಹಿಂದೂ ವಿವಾಹ ಏರ್ಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ತೀರ್ಪು ಭಾರತದಲ್ಲೇ ಪಡೆದ ಪ್ರಮಾಣಪತ್ರದ ಕುರಿತಾದದ್ದು. ಅದರಿಂದ ಕ್ಯಾಲಿಫೋರ್ನಿಯಾದ ಸರಳ ವಿವಾಹ ಭಾರತದಲ್ಲಿ ಬಿದ್ದುಹೋಗುತ್ತದೆ ಎಂದು ತಿಳಿಯಬಾರದು. ಮದುವೆಯ ವಿಧಾನ ಸರಿಯೇ ಎಂಬುದನ್ನು ಅದು ನಡೆದ ಸ್ಥಳದ ಕಾನೂನಿನಿಂದ ಅಳೆಯುವುದು, ವಯಸ್ಸು, ಸಂಬಂಧ, ಮೊದಲ ಮದುವೆ ಮುಂತಾದ ಅರ್ಹತೆಗಳನ್ನು ಅವರವರ ಸ್ವಂತ ನೆಲೆಯ ಕಾನೂನಿನಿಂದ ಅಳೆಯುವುದು ಅಂತರರಾಷ್ಟ್ರೀಯವಾಗಿ ನಡೆದುಬಂದ ತತ್ವ. ವರನಿಗೆ 21, ವಧುವಿಗೆ 18 ತುಂಬಿರಬೇಕೆಂಬ ಭಾರತದ ನಿಯಮ ನಿಮ್ಮಿಬ್ಬರಿಗೂ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಹೀಗಿದ್ದರೂ, ಮುಂದೆ ಎಂದಾದರೂ ಆಸ್ತಿಯ ಅಥವಾ ವಾರಸುದಾರಿಕೆಯ ಪ್ರಶ್ನೆ ಕರ್ನಾಟಕದ ನ್ಯಾಯಾಲಯದಲ್ಲಿ ಎದ್ದಾಗ, ಲೈಸೆನ್ಸ್ ಮತ್ತು ವಿಧಿ ಎರಡೂ ಒಂದೇ ದಿನದವಾಗಿದ್ದರೆ ವಾದಕ್ಕೆ ಎಡೆಯೇ ಇರುವುದಿಲ್ಲ. ಭಾರತದ 1969ರ ವಿದೇಶಿ ವಿವಾಹ ಕಾಯ್ದೆಯಡಿ ಕಾನ್ಸುಲೇಟ್‌ನ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವ ದಾರಿಯೂ ಇದೆ; ಅದಕ್ಕೆ 30 ದಿನಗಳ ನೋಟಿಸು ಬೇಕಾಗುವುದರಿಂದ ನಿಮಗೆ ಅದು ಒದಗುವ ದಾರಿಯಲ್ಲ.

ಇನ್ನು ದಿನಾಂಕದ ವಿಷಯ. ಇಲ್ಲಿ ಮದುವೆಯಾದ ದಿನವೇ ನಿಮ್ಮ ವಿವಾಹದ ದಿನಾಂಕ. ವೀಸಾ ಅರ್ಜಿ, ತೆರಿಗೆ, ಕಂಪನಿಯ ವಿಮೆ, ಪಾಸ್‌ಪೋರ್ಟ್ ಎಲ್ಲ ಕಡೆಯೂ ಅದನ್ನೇ ಬರೆಯಬೇಕು. ನನ್ನ ಬಳಿ ಬರುವ ಕಡತಗಳಲ್ಲಿ ಕಾಣುವ ಅತಿ ಸಾಮಾನ್ಯ ತೊಡಕೆಂದರೆ, ಒಂದು ನಮೂನೆಯಲ್ಲಿ ಕೌಂಟಿಯ ದಿನಾಂಕ, ಇನ್ನೊಂದರಲ್ಲಿ ಊರಿನ ಮುಹೂರ್ತದ ದಿನಾಂಕ, ನಡುವಿನ ತಿಂಗಳುಗಳಲ್ಲಿ ತುಂಬಿದ ಮೂರನೆಯದರಲ್ಲಿ ‘ಅವಿವಾಹಿತ’ ಎಂಬ ಗುರುತು. ಯಾರೂ ಮೋಸ ಮಾಡುವ ಉದ್ದೇಶದಿಂದ ಹೀಗೆ ಬರೆಯುವುದಿಲ್ಲ, ಮನಸ್ಸಿನಲ್ಲಿ ನಿಜವಾದ ಮದುವೆ ಇನ್ನೂ ಆಗಿಲ್ಲವೆಂಬ ಭಾವನೆ ಇರುವುದರಿಂದ ಬರೆಯುತ್ತಾರೆ. ಓದುವ ಅಧಿಕಾರಿಗೆ ಆ ಭಾವನೆ ಕಾಣುವುದಿಲ್ಲ, ಹೇಳಿಕೆಗಳ ನಡುವಿನ ವಿರೋಧ ಮಾತ್ರ ಕಾಣುತ್ತದೆ. ಗ್ರೀನ್ ಕಾರ್ಡ್‌ನ ವಿಷಯದಲ್ಲಿ ಈ ದಿನಾಂಕಕ್ಕೆ ಇನ್ನೂ ಹೆಚ್ಚಿನ ತೂಕವಿದೆ: ನಿಮ್ಮ ಉದ್ಯೋಗಾಧಾರಿತ ಅರ್ಜಿಗೆ ಅಂತಿಮ ಮಂಜೂರಾತಿ ಸಿಗುವ ಮೊದಲೇ ಮದುವೆಯಾಗಿದ್ದರೆ ಪತ್ನಿ ನಿಮ್ಮ ಸಾಲಿನಲ್ಲೇ ಸೇರಿಕೊಳ್ಳಬಹುದು, ಮಂಜೂರಾದ ಮರುದಿನ ಮದುವೆಯಾದರೂ ಅವರು ಬೇರೊಂದು ವರ್ಗದಲ್ಲಿ ಮೊದಲಿನಿಂದ ಕಾಯಬೇಕಾಗುತ್ತದೆ.

ವೀಸಾ ಕುರಿತು ಇಷ್ಟು ತಿಳಿದರೆ ಸಾಕು. ಮದುವೆಯಾದ ಮಾತ್ರಕ್ಕೆ ಅವರ ಎಫ್-1 ಸ್ಥಾನಮಾನ ಹೋಗುವುದಿಲ್ಲ, ಓದು ಮುಗಿಯುವವರೆಗೆ ಅದರಲ್ಲೇ ಇರಬಹುದು. ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ಎಚ್-4ಗೆ ಬದಲಾಯಿಸಿಕೊಂಡರೆ ಕೆಲಸ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. 2015ರಿಂದ ಇರುವ ನಿಯಮದಂತೆ, ಮುಖ್ಯವಾಗಿ ನಿಮ್ಮ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಸಲ್ಲಿಸುವ ಅರ್ಜಿ) ಮಂಜೂರಾಗಿದ್ದರೆ ಅವರು ಪ್ರತ್ಯೇಕವಾಗಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಓದು ಮುಗಿಸಿ ಒಪಿಟಿಯಲ್ಲಿ (ಎಫ್-1 ವಿದ್ಯಾರ್ಥಿಗಳಿಗೆ ಓದಿದ ವಿಷಯದಲ್ಲಿ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಕೆಲಸ ಮಾಡುವ ಅವಕಾಶ ಅವರ ಮುಂದಿರುವಾಗ ಅವಸರದಲ್ಲಿ ಎಚ್-4ಗೆ ಹೋಗುವುದು ಅವರಿಗೆ ನಷ್ಟವಾಗಬಹುದು. ಈ ನಿರ್ಧಾರವನ್ನು ಅವರೇ ತೆಗೆದುಕೊಳ್ಳಲಿ.

ತೆರಿಗೆಯ ಅನುಕೂಲ ನೀವು ಊಹಿಸಿದಷ್ಟು ಸರಳವಲ್ಲ. ಡಿಸೆಂಬರ್ 31ರಂದು ಮದುವೆಯಾಗಿದ್ದರೂ ಇಡೀ ವರ್ಷಕ್ಕೆ ನೀವು ವಿವಾಹಿತರೆಂದೇ ಲೆಕ್ಕ. ಅಂದಿನಿಂದ ಒಂಟಿ ವ್ಯಕ್ತಿಯಾಗಿ ರಿಟರ್ನ್ ಸಲ್ಲಿಸುವಂತಿಲ್ಲ. ಆದರೆ ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳು. ಜಂಟಿಯಾಗಿ ಸಲ್ಲಿಸಬೇಕಾದರೆ ಅವರನ್ನು ನಿವಾಸಿಯೆಂದು ಪರಿಗಣಿಸಲು ಇಬ್ಬರೂ ಸಹಿ ಮಾಡಿದ ಆಯ್ಕೆಪತ್ರ ಕೊಡಬೇಕು, ಮತ್ತು ಆಗ ಶಿವಮೊಗ್ಗದ ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿರುವ ಠೇವಣಿಯ ಬಡ್ಡಿಯನ್ನೂ ಇಲ್ಲಿ ತೋರಿಸಬೇಕಾಗುತ್ತದೆ. ಲೆಕ್ಕ ಹಾಕಿಸಿ ನೋಡದೆ ಇದೊಂದೇ ಕಾರಣಕ್ಕೆ ಮದುವೆಯ ದಿನವನ್ನು ಗೊತ್ತುಮಾಡಬೇಡಿ. ವೀಸಾದ ತುರ್ತೂ ಇಲ್ಲವೆಂದಾದರೆ ಶಿವಮೊಗ್ಗದಲ್ಲಿ ಮದುವೆಯಾಗಿ ಅಲ್ಲಿಯೇ ನೋಂದಾಯಿಸಿದರೂ ಅಮೆರಿಕ ಅದನ್ನು ಪೂರ್ಣವಾಗಿ ಮಾನ್ಯ ಮಾಡುತ್ತದೆ; ಇಲ್ಲಿನ ಲೈಸೆನ್ಸ್‌ನ ಅಗತ್ಯವೇ ಬೀಳುವುದಿಲ್ಲ.

ಊರಿನ ಮದುವೆಯನ್ನು ಮತ್ತೆ ನೋಂದಾಯಿಸಬೇಕೇ ಎಂದು ಕೇಳಿದ್ದೀರಿ. ಮಾಘದಲ್ಲಿ ಮಂಟಪ ಕಟ್ಟಿ, ಬಂಧುಬಳಗದ ಎದುರು ಧಾರೆ ಎರೆಯಿಸಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆದರೆ ಇಲ್ಲಿ ಮದುವೆಯಾದ ಮೇಲೆ ಅಲ್ಲಿನ ಉಪನೋಂದಣಾಧಿಕಾರಿಯ ಮುಂದೆ ಎರಡನೆಯ ದಿನಾಂಕದ ಇನ್ನೊಂದು ಪ್ರಮಾಣಪತ್ರವನ್ನು ಮಾಡಿಸದಿರುವುದೇ ಲೇಸು. ಆ ಅರ್ಜಿಯಲ್ಲಿ ಮದುವೆಗೆ ಮುನ್ನ ನಿಮ್ಮಿಬ್ಬರ ಸ್ಥಿತಿ ಏನಿತ್ತೆಂದು ಹೇಳಬೇಕಾಗುತ್ತದೆ. ಅವಿವಾಹಿತರೆಂದರೆ ಅದು ಸುಳ್ಳು ಹೇಳಿಕೆ. ಕುಟುಂಬದವರೋ ಮದುವೆ ಮಾಡಿಸುವ ಕಡೆಯವರೋ ಎಲ್ಲರೂ ಮಾಡಿಸುತ್ತಾರೆಂದು ಒತ್ತಾಯಿಸಿದರೂ ಒಪ್ಪಬೇಡಿ. ಭಾರತದ ದಾಖಲೆಯೇ ಬೇಕೆಂಬ ಅಗತ್ಯ ಮುಂದೆ ಬಂದರೆ, ಬೇರೆ ವಿಧಾನದಲ್ಲಿ ಈಗಾಗಲೇ ನಡೆದಿರುವ ಮದುವೆಯನ್ನು 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸುವ ಅವಕಾಶವಿದೆ. ಅದಕ್ಕೆ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು ಮತ್ತು ಸಾರ್ವಜನಿಕ ನೋಟಿಸಿನ ಅವಧಿ ಮುಗಿಯಬೇಕು. ಅಲ್ಲಿ ಇಲ್ಲಿನ ಮದುವೆಯ ಸಂಗತಿಯನ್ನು ಮುಚ್ಚಿಡದೆ ತಿಳಿಸಿ.

ಸಾಮಾನ್ಯವಾಗಿ ಭಾರತದ ಕೆಲಸಗಳಿಗೆ ಕ್ಯಾಲಿಫೋರ್ನಿಯಾದ ಪ್ರಮಾಣಪತ್ರಕ್ಕೆ ಅಪೊಸ್ಟೈಲ್ ಮುದ್ರೆ (ದಾಖಲೆ ಅಸಲಿಯೆಂದು ಬೇರೆ ದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಹಾಕಿಸಿದರೆ ಸಾಕಾಗುತ್ತದೆ. ಈ ಮುದ್ರೆಯನ್ನು ಒಪ್ಪುವ ದೇಶಗಳ ಹೇಗ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಮದುವೆ ನಡೆಸಿದವರು ಸಹಿ ಮಾಡಿದ ಲೈಸೆನ್ಸ್ ಅನ್ನು 10 ದಿನಗಳೊಳಗೆ ಅದನ್ನು ಕೊಟ್ಟ ಕೌಂಟಿಯ ರೆಕಾರ್ಡರ್‌ಗೆ ಮರಳಿಸಬೇಕು. ದೇವಸ್ಥಾನದಲ್ಲಿ ಮದುವೆಯಾದರೆ ಇದು ಆಗಿದೆಯೇ ಎಂದು ನೀವೇ ವಿಚಾರಿಸಿ. ನೋಂದಣಿಯಾದ ಮೇಲೂ ಪ್ರಮಾಣಪತ್ರ ತಾನಾಗಿ ಮನೆಗೆ ಬರುವುದಿಲ್ಲ, ಶುಲ್ಕ ಕಟ್ಟಿ ದೃಢೀಕೃತ ಪ್ರತಿಯನ್ನು ತರಿಸಿಕೊಳ್ಳಬೇಕು. ಸಮಾರಂಭದ ದಿನ ನೆನಪಿಗೆಂದು ಕೊಡುವ ಅಲಂಕಾರದ ಕಾಗದವನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ದೃಢೀಕೃತ ಪ್ರತಿಗಳನ್ನು ಮೂರು ನಾಲ್ಕು ತರಿಸಿ, ಅವುಗಳಲ್ಲಿ ಒಂದನ್ನು ಸ್ಯಾಕ್ರಮೆಂಟೊದಲ್ಲಿರುವ ರಾಜ್ಯ ಕಾರ್ಯದರ್ಶಿಯ ಕಚೇರಿಗೆ ಕಳುಹಿಸಿ 20 ಡಾಲರ್ ಶುಲ್ಕದಲ್ಲಿ ಅಪೊಸ್ಟೈಲ್ ಮಾಡಿಸಿ. ಮಾಘಕ್ಕೆ ಊರಿಗೆ ಹೊರಡುವ ಮುನ್ನವೇ ಈ ಕೆಲಸ ಮುಗಿದಿದ್ದರೆ, ವೀಸಾ ಮುದ್ರೆಗೆ ಭಾರತದಲ್ಲಿ ಸಂದರ್ಶನಕ್ಕೆ ಹೋಗುವಾಗ ಬೇಕಾಗುವ ವಿವಾಹದ ದಾಖಲೆ ನಿಮ್ಮಿಬ್ಬರ ಕೈಯಲ್ಲೂ ಇರುತ್ತದೆ.